ವಿಷಪಾಷಾಣವೋ ವಿಷದ ಎರೆಯೋ? ಕಣಜನಿವಾರಣೆಯ ಒಂದು ಯೋಗದ ವಿಮರ್ಶೆ

೧

ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿಗಳಲ್ಲಿ ಸಾಸಲು ಒಂದು. ಅಲ್ಲಿ ಮಳೆಯನ್ನು ನಂಬಿದ ಬೆದ್ದಲೇ ಹೆಚ್ಚು; ರಾಗಿಯೂ ಮುಸುಕಿನ ಜೋಳವೂ ಮುಖ್ಯವಾದ ಬೆಳೆಗಳು. ಇದೇ ತಾಲ್ಲೂಕಿನಲ್ಲಿ ಕೊಳವೆಬಾವಿಯ ನೀರು ದೊರೆತ ಕಡೆ ದ್ರಾಕ್ಷಿಯ ಚಪ್ಪರಗಳೂ ಉಂಟು. ಬೆಂಗಳೂರಿನ ಹೆಸರನ್ನು ಹೊತ್ತು ೨೦೧೩ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ನೀಲಿ ದ್ರಾಕ್ಷಿಯು ಬೆಳೆಯುವ ಸೀಮೆಯಲ್ಲಿ ಈ ತಾಲ್ಲೂಕು ಸೇರಿದೆ. ಜೋಳಕ್ಕೆ ಹುಳುವಿನ ಬಾಧೆ. ಹಣ್ಣಾದ ದ್ರಾಕ್ಷಿಗೂ ಅದನ್ನು ಕೊಯ್ಯುವ ಕೈಗೂ ಕಣಜದ ಬಾಧೆ. ಒಂದು ಬಾಧೆಗೆ ಹೇಳಿದ ಮದ್ದನ್ನು ಇನ್ನೊಂದಕ್ಕೂ ಹಾಕಿದರೆ ತಪ್ಪೇನು ಎಂಬ ಶಂಕೆಯು ರೈತನಿಗೆ ಸಹಜವಾಗಿಯೇ ಹುಟ್ಟುತ್ತದೆ. ಈ ಶಂಕೆ ಎಷ್ಟರ ಮಟ್ಟಿಗೆ ಯುಕ್ತವೆಂಬುದನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಮದ್ದಿನ ಸ್ವರೂಪವನ್ನು ತಿಳಿಯಬೇಕು. ಅಮೆರಿಕ ಖಂಡದಿಂದ ಹೊರಟು ಆಫ್ರಿಕವನ್ನು ವ್ಯಾಪಿಸಿದ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊಟ್ಟಮೊದಲಿಗೆ ೨೦೧೮ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಕಂಡುಬಂದಿತು. ಬಲಿತ ಹುಳುವು ಪೈರಿನ ಸುಳಿಯೊಳಗೆ ಹೊಕ್ಕು ತನ್ನ ಲದ್ದಿಯನ್ನೇ ಮುಚ್ಚಳವಾಗಿ ಮಾಡಿಕೊಂಡು ಕುಳಿತುಕೊಳ್ಳುವುದರಿಂದ ಮೇಲೆ ಸಿಂಪಡಿಸಿದ ಔಷಧಿಯು ಅದಕ್ಕೆ ತಾಕುವುದು ಕಷ್ಟ. ಆದಕಾರಣ ಕೃಷಿತಜ್ಞರು ಒಂದು ಯೋಗವನ್ನು ವಿಧಿಸಿದರು: ೧೦ ಕಿಲೋ ಅಕ್ಕಿಯ ತೌಡು, ೨ ಕಿಲೋ ಬೆಲ್ಲ, ೨ರಿಂದ ೩ ಲೀಟರು ನೀರು; ಇವನ್ನು ಕಲಸಿ ೨೪ ಗಂಟೆಗಳ ಕಾಲ ಹುಳಿಯಲು ಬಿಟ್ಟು, ಹೊಲಕ್ಕೆ ಹಾಕುವ ಅರ್ಧ ಗಂಟೆ ಮೊದಲು ೧೦೦ ಗ್ರಾಂ ಥಯೋಡಿಕಾರ್ಬ್ ಎಂಬ ವಿಷವನ್ನು ಬೆರೆಸಿ, ಸಣ್ಣ ಉಂಡೆಗಳನ್ನಾಗಿ ಮಾಡಿ ಸುಳಿಯಲ್ಲಿ ಇಡತಕ್ಕದ್ದು. ಈ ಬಗೆಯ ಯೋಗಕ್ಕೆ ಕನ್ನಡದ ಕೃಷಿ ಕೈಪಿಡಿಗಳಲ್ಲಿ ‘ವಿಷಪಾಷಾಣ’ವೆಂಬ ಹೆಸರು ರೂಢಿಯಾಗಿದೆ.

ಈ ಯೋಗವು ತನ್ನ ಸ್ಥಾನದಲ್ಲಿ ಸಾಧುವಾದುದೇ. ಹುಳುವು ಬೆಲ್ಲದ ಹುಳಿವಾಸನೆಗೆ ಒಲಿಯುತ್ತದೆ; ಉಂಡೆಯು ಸುಳಿಯೊಳಗೆ, ಹುಳುವಿನ ಬಾಯಿಯ ಬಳಿಯಲ್ಲಿಯೇ ಇರುತ್ತದೆ. ಪ್ರಶ್ನೆಯಿರುವುದು ಅದರ ಹೆಸರಿನಲ್ಲಿ, ಮತ್ತು ಆ ಹೆಸರಿನ ಬಲದಿಂದ ಅದನ್ನು ಬೇರೆಡೆಗೆ ಒಯ್ಯುವುದರಲ್ಲಿ.

೨

‘ಪಾಷಾಣ’ ಶಬ್ದಕ್ಕೆ ಕಲ್ಲೆಂಬುದು ಮುಖ್ಯಾರ್ಥ. ರಸಶಾಸ್ತ್ರಜ್ಞರು ಗೌರೀಪಾಷಾಣವೆಂಬ ಹೆಸರಿನಿಂದ ಆರ್ಸೆನಿಕದ ಖನಿಜವನ್ನು ವ್ಯವಹರಿಸಿದ ಮೇಲೆ, ದೇಶಭಾಷೆಗಳಲ್ಲಿ ಬರಿಯ ‘ಪಾಷಾಣ’ವೆಂದರೂ ಕೊಲ್ಲುವ ವಿಷವೆಂಬ ಅರ್ಥವು ನೆಲೆಗೊಂಡಿತು. ಪಾಶ್ಚಾತ್ಯ ದೇಶಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೌಡಿಗೆ ಬೆರೆಸುತ್ತಿದ್ದ ವಿಷವೂ ಆರ್ಸೆನಿಕದ ಸಂಯುಕ್ತವೇ ಆಗಿದ್ದಿತು. ಹಾಗಿದ್ದಾಗ ಪಾಷಾಣವೆಂಬ ಮಾತು ಒಪ್ಪುತ್ತಿತ್ತು. ಈಗಿನ ಯೋಗದಲ್ಲಿ ಕಲ್ಲೂ ಇಲ್ಲ, ಆರ್ಸೆನಿಕವೂ ಇಲ್ಲ. ಪಾಷಾಣವೆಂದರೆ ವಿಷವೆಂದೇ ಇಟ್ಟುಕೊಂಡರೆ ‘ವಿಷಪಾಷಾಣ’ದಲ್ಲಿ ಪುನರುಕ್ತಿದೋಷವು ತಪ್ಪದು.

ಪುನರುಕ್ತಿಯು ಸಣ್ಣ ದೋಷ. ಲೋಕರೂಢಿಯು ಅದನ್ನು ಕ್ಷಮಿಸುತ್ತದೆ. ಇದಕ್ಕಿಂತ ದೊಡ್ಡ ದೋಷವೊಂದುಂಟು. ಈ ಯೋಗದಲ್ಲಿ ವಿಷವು ನೂರಕ್ಕೆ ಒಂದು ಪಾಲೂ ಇಲ್ಲ, ಮಿಕ್ಕುದೆಲ್ಲ ಆಹಾರ. ಯಾವ ಪ್ರಾಣಿಯನ್ನು ಕೊಲ್ಲಬೇಕೋ ಅದರ ಆಹಾರವನ್ನು ಅರಿಯುವುದೇ ಯೋಗದ ಪ್ರಾಣ. ಹೆಸರು ಮಾತ್ರ ವಿಷವನ್ನು ಎರಡು ಸಲ ಹೇಳಿ, ಆಹಾರವನ್ನು ಒಂದು ಸಲವೂ ಹೇಳುವುದಿಲ್ಲ. ಈ ಹೆಸರನ್ನು ಕೇಳಿದವನು ‘ಇದು ಯಾವ ವಿಷ, ಎಷ್ಟು ವಿಷ’ ಎಂದು ಕೇಳಿಯಾನು. ‘ಇದು ಯಾರ ಊಟ’ ಎಂದು ಕೇಳಲಾರನು.

ಸಂಸ್ಕೃತದಲ್ಲಿ ಈ ಅರ್ಥಕ್ಕೆ ‘ಆಮಿಷ’ವೆಂಬ ಶಬ್ದವಿದೆ. ಅಮರಕೋಶವು ಇದನ್ನು ಮಾಂಸಪರ್ಯಾಯಗಳಲ್ಲಿ ಪಠಿಸುತ್ತದೆ. ಗಾಳದ ಕೊಂಡಿಗೆ ಚುಚ್ಚಿದ ಮಾಂಸದ ತುಣುಕು ಆಮಿಷ. ಅದರಿಂದ ಮುಂದೆ ಲಂಚಕ್ಕೂ ಲೋಭವಸ್ತುವಿಗೂ ಆ ಹೆಸರಾಯಿತು. ಇಂದಿನ ಕನ್ನಡದಲ್ಲಿ ಹಣದ ಆಮಿಷ, ಪದವಿಯ ಆಮಿಷ ಎಂಬ ಲಾಕ್ಷಣಿಕ ಪ್ರಯೋಗಗಳೇ ಉಳಿದು ಮೂಲದ ಮಾಂಸವು ಮರೆತುಹೋಗಿದೆ. ಕನ್ನಡದ ಸ್ವಂತ ಶಬ್ದ ‘ಎರೆ’. ಹಕ್ಕಿ, ಹಾವು ಮೊದಲಾದುವುಗಳ ಆಹಾರವೂ ಎರೆ; ಗಾಳಕ್ಕೆ ಸಿಕ್ಕಿಸುವ ಹುಳುವೂ ಎರೆ; ಎರೆಹುಳುವೆಂಬ ಹೆಸರನ್ನು ಅರಿಯದವರಿಲ್ಲ. ತಮಿಳಿನ ‘ಇರೈ’ ಎಂಬುದು ಇದರ ಸಹೋದರ ಶಬ್ದ. ತಿನ್ನುವ ಪ್ರಾಣಿಯನ್ನು ನೆನೆಯದೆ ಎರೆಯೆಂಬ ಮಾತನ್ನು ಆಡುವಂತಿಲ್ಲ. ‘ವಿಷದ ಎರೆ’ಯೆಂದೊಡನೆ ‘ಯಾವುದಕ್ಕೆ ಎರೆ?’ ಎಂಬ ಆಕಾಂಕ್ಷೆಯು ತಾನಾಗಿಯೇ ಏಳುತ್ತದೆ. ಇದೇ ಆ ಶಬ್ದದ ಗುಣ.

೩

ಈಗ ಕಣಜದ ಎರೆ ಯಾವುದೆಂಬುದನ್ನು ನೋಡಬೇಕು. ಕಣಜವನ್ನು ಕೆಲವೆಡೆ ಕಡಜವೆಂದೂ ಕರೆಯುವರು. ಧಾನ್ಯವನ್ನು ತುಂಬುವ ಕಣಜಕ್ಕೂ ಇದಕ್ಕೂ ಹೆಸರಿನ ಸಾಮ್ಯ ಮಾತ್ರ. ಸಂಸ್ಕೃತದಲ್ಲಿ ಇದಕ್ಕೆ ವರಟಾ, ವರಟೀ, ಗಂಧೋಲೀ ಎಂಬ ಹೆಸರುಗಳಿವೆ. ವರಟಾ ಶಬ್ದವು ಹೆಣ್ಣು ಹಂಸಕ್ಕೂ ಸಲ್ಲುವುದರಿಂದ ಪ್ರಕರಣವನ್ನು ನೋಡಿಯೇ ಅರ್ಥವನ್ನು ಹೇಳಬೇಕು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ವರಟಿಯು ಅಗ್ನಿಪ್ರಕೃತಿಯ ಕೀಟಗಳ ಸಾಲಿನಲ್ಲಿ ಎಣಿಸಲ್ಪಟ್ಟಿದೆ. ಕುಟುಕಿಸಿಕೊಂಡವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ವೇದಾಂತಗ್ರಂಥಗಳಲ್ಲಿ ಪ್ರಸಿದ್ಧವಾದ ಭ್ರಮರಕೀಟನ್ಯಾಯವು ಈ ಕುಲದ ಒಂದು ಹುಳುವನ್ನು ಕುರಿತದ್ದೇ. ಒಂಟಿಯಾಗಿ ಬಾಳುವ ಕಣಜವೊಂದು ಹಸಿರುಹುಳುವನ್ನು ಕುಟುಕಿ ತಂದು ಮಣ್ಣಿನ ಗೂಡಿನಲ್ಲಿ ಮುಚ್ಚುತ್ತದೆ. ಕೆಲವು ದಿನಗಳ ಮೇಲೆ ಆ ಗೂಡಿನಿಂದ ಕಣಜವು ಹೊರಡುತ್ತದೆ. ಹುಳುವು ಭಯದಿಂದ ಭ್ರಮರವನ್ನೇ ಧ್ಯಾನಿಸಿ ಭ್ರಮರವಾಯಿತೆಂದು ಹಿಂದಿನವರು ದೃಷ್ಟಾಂತವನ್ನು ಕಟ್ಟಿದರು. ಕಂಡದ್ದು ಸರಿ, ಊಹಿಸಿದ್ದು ಸರಿಯಲ್ಲ. ಕಣಜವು ಗೂಡಿನಲ್ಲಿ ಮೊಟ್ಟೆಯನ್ನಿಟ್ಟು, ಆ ಮೊಟ್ಟೆಯಿಂದ ಹೊರಡುವ ಮರಿಗೆ ಎರೆಯಾಗಿ ಹುಳುವನ್ನು ಇಟ್ಟಿರುತ್ತದೆ. ದೃಷ್ಟಾಂತವು ಬೋಧಿಸುವ ತತ್ತ್ವಕ್ಕೆ ಇದರಿಂದ ಹಾನಿಯಿಲ್ಲ. ಕೃಷಿಕನಿಗೆ ಮಾತ್ರ ಇದರಲ್ಲಿ ಒಂದು ಸತ್ಯವುಂಟು: ಕಣಜವು ಹುಳುವನ್ನು ಬೇಟೆಯಾಡುವುದು ತನಗಾಗಿ ಅಲ್ಲ, ಮರಿಗಾಗಿ.

ಗುಂಪಾಗಿ ಗೂಡುಕಟ್ಟುವ ಕಣಜಗಳಲ್ಲಿಯೂ ಇದೇ ನಿಯಮ. ಬೆಳೆದ ಕಣಜದ ನಡು ಕೂದಲೆಳೆಯಷ್ಟು ಸಣ್ಣದು. ಗಟ್ಟಿಯಾದ ಆಹಾರವು ಅದರ ಮೂಲಕ ಇಳಿಯದು. ಆದ್ದರಿಂದ ಅದು ಹುಳುವಿನ ಮಾಂಸವನ್ನು ಅಗಿದು ಮುದ್ದೆಮಾಡಿ ಮರಿಗಳಿಗೆ ಉಣ್ಣಿಸುತ್ತದೆ. ಮರಿಗಳು ಸ್ರವಿಸುವ ಸಿಹಿಯಾದ ರಸವನ್ನು ತಾನು ಹೀರುತ್ತದೆ. ಹೂವಿನ ಮಕರಂದ, ಹಣ್ಣಿನ ರಸ, ಬೆಲ್ಲದ ನೀರು ಇವು ಬಹುಮಟ್ಟಿಗೆ ಹಾರುವ ಕಣಜದ ಸ್ವಂತ ಆಹಾರ. ಮಾಂಸವು ಗೂಡಿನ ಆಹಾರ. ಕನ್ನಡದಲ್ಲಿ ‘ಕುಟುಕು’ ಎಂಬ ಒಂದೇ ಮಾತು ಮುಳ್ಳು ಚುಚ್ಚುವುದನ್ನೂ, ತಾಯಿಹಕ್ಕಿಯು ಮರಿಯ ಬಾಯಿಗೆ ಕೊಡುವ ತುತ್ತನ್ನೂ ಹೇಳುತ್ತದೆ. ಕಣಜದಲ್ಲಿ ಎರಡು ಕುಟುಕೂ ಕೂಡಿವೆ. ಜನರು ಒಂದನ್ನು ಮಾತ್ರ ಬಲ್ಲರು.

ಇದರಿಂದ ಕಣಜಕ್ಕೆ ಇಡುವ ವಿಷದ ಎರೆಯ ಲಕ್ಷಣವು ಸಿದ್ಧವಾಗುತ್ತದೆ. ಮೊದಲನೆಯದಾಗಿ ಅದು ಮಾಂಸವಾಗಿರಬೇಕು. ಆಮಿಷವೆಂಬ ಶಬ್ದದ ಮರೆತುಹೋದ ಮುಖ್ಯಾರ್ಥವೇ ಇಲ್ಲಿ ಬೇಕಾದದ್ದು. ಎರಡನೆಯದಾಗಿ ವಿಷವು ಮೆಲ್ಲಗೆ ಕೆಲಸ ಮಾಡಬೇಕು. ಸುಶ್ರುತನು ಎಣಿಸಿದ ವಿಷದ ಹತ್ತು ಗುಣಗಳಲ್ಲಿ ‘ಆಶು’, ಎಂದರೆ ಶೀಘ್ರತೆ, ಒಂದು. ಇಲ್ಲಿ ಆ ಗುಣವು ದೋಷವಾಗುತ್ತದೆ. ಒಡನೆ ಕೊಲ್ಲುವ ವಿಷವು ಹೊತ್ತೊಯ್ಯುವ ಹುಳುವನ್ನು ದಾರಿಯಲ್ಲಿಯೇ ಕೆಡವುತ್ತದೆ. ಗೂಡು ಕುಶಲವಾಗಿ ಉಳಿಯುತ್ತದೆ. ಹತ್ತು ಕಣಜಗಳು ಸತ್ತುಬಿದ್ದುದನ್ನು ಕಂಡು ಮದ್ದು ಫಲಿಸಿತೆಂದು ಹಿಗ್ಗುವುದು ಭ್ರಾಂತಿ.

೪

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು: ‘ದ್ರಾಕ್ಷಿಯ ಚಪ್ಪರಕ್ಕೆ ಕಣಜವು ಬರುವುದು ಸಿಹಿಗಾಗಿಯೇ. ಹಾಗಿರಲು ಬೆಲ್ಲದ ಯೋಗವೇ ಅಲ್ಲಿ ಯುಕ್ತವಲ್ಲವೇ? ಮೇಲಾಗಿ ಮಾಂಸವನ್ನು ಮುಟ್ಟದ ಮನೆಗಳಲ್ಲಿ ಬೆಲ್ಲವು ಸುಲಭ.’

ಇದಕ್ಕೆ ಸಮಾಧಾನ. ಬೆಲ್ಲಕ್ಕೆ ಕಣಜವು ಬರುವುದು ನಿಜ. ಆದರೆ ಕಣಜವೊಂದೇ ಬರುವುದಿಲ್ಲ. ಜೇನೂ ಬರುತ್ತದೆ, ಇರುವೆಯೂ ಬರುತ್ತದೆ. ತೌಡುಬೆಲ್ಲದ ವಾಸನೆಗೆ ದನವೂ ಮೂತಿಯಿಕ್ಕುತ್ತದೆ. ಬೆಲ್ಲದ ಉಂಡೆಯೆಂದು ಮಗುವೂ ಕೈಚಾಚೀತು. ಜೋಳದ ಸುಳಿಯಲ್ಲಿ ಅಡಗಿರುವ ಉಂಡೆಗೆ ಇಷ್ಟು ಮಂದಿ ಅತಿಥಿಗಳಿಲ್ಲ. ಚಪ್ಪರದ ಕೆಳಗೆ ತಟ್ಟೆಯಲ್ಲಿ ತೆರೆದಿಟ್ಟ ವಿಷಕ್ಕೆ ಎಲ್ಲರೂ ಅತಿಥಿಗಳೇ. ಜೇನು ತಾನು ಹೀರಿದ ಸಿಹಿಯನ್ನು ಗೂಡಿನವರೊಡನೆ ಹಂಚಿಕೊಳ್ಳುವುದರಿಂದ, ಯಾವ ನಾಶವು ಕಣಜದ ಗೂಡಿಗೆ ಆಗಲೆಂದು ಬಯಸಿತೋ ಆ ನಾಶವು ಜೇನಿನ ಗೂಡಿಗೆ ಒದಗುತ್ತದೆ. ಸೂರ್ಯಕಾಂತಿ, ಸಾಸಿವೆ, ಹುಣಿಸೆ ಮುಂತಾದ ಬೆಳೆಗಳು ಕಾಯಿಕಟ್ಟಲು ಜೇನು ಎಷ್ಟು ಬೇಕೆಂಬುದನ್ನು ಬಲ್ಲವರು ಈ ಯೋಗಕ್ಕೆ ಒಪ್ಪಲಾರರು. ಮತ್ತೂ, ಹಣ್ಣು ಮಾಗಿದ ಚಪ್ಪರದಲ್ಲಿ ಗೊನೆಗೊನೆಯೂ ಸಿಹಿಯಾಗಿರುವಾಗ ಕೆಳಗಿನ ಬೆಲ್ಲದ ತಟ್ಟೆಯು ಕಣಜವನ್ನು ಎಷ್ಟು ಸೆಳೆದೀತು?

ಈ ವಿಚಾರವನ್ನು ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಅತಿದೇಶದ ಪ್ರಶ್ನೆ. ಒಂದು ಕರ್ಮದಲ್ಲಿ ವಿಧಿಸಿದ ಅಂಗಗಳನ್ನು ಇನ್ನೊಂದು ಕರ್ಮಕ್ಕೆ ಒಯ್ಯುವುದು ಅತಿದೇಶ. ಒಯ್ಯುವಾಗ ಮಾರ್ಪಡಿಸಬೇಕಾದುದನ್ನು ಮಾರ್ಪಡಿಸುವುದು ಊಹ. ಪ್ರಯೋಜನವಿಲ್ಲದುದನ್ನು ಬಿಡುವುದು ಬಾಧ. ಅಗ್ನಿಗೆ ಹೇಳಿದ ನಿರ್ವಾಪಮಂತ್ರವನ್ನು ಸೌರ್ಯೇಷ್ಟಿಯಲ್ಲಿ ಸೂರ್ಯನ ಹೆಸರಿಗೆ ತಿದ್ದಿ ಹೇಳುವುದು ಊಹಕ್ಕೆ ಉದಾಹರಣೆ. ಚರುವಿನಲ್ಲಿ ಭತ್ತಕ್ಕೆ ಬದಲಾಗಿ ಕೃಷ್ಣಲವೆಂಬ ಚಿನ್ನದ ಕಾಳುಗಳನ್ನು ಹಾಕುವಲ್ಲಿ, ಹೊಟ್ಟೇ ಇಲ್ಲದ ಕಾಳನ್ನು ಕುಟ್ಟುವುದು ವ್ಯರ್ಥವಾದ್ದರಿಂದ ಕುಟ್ಟುವ ವಿಧಿಯು ನಿಲ್ಲುತ್ತದೆ. ಇದು ಬಾಧಕ್ಕೆ ಉದಾಹರಣೆ. ಸೈನಿಕ ಹುಳುವಿನ ಯೋಗವನ್ನು ಕಣಜಕ್ಕೆ ಒಯ್ಯುವವನು ಊಹವನ್ನೂ ಬಾಧವನ್ನೂ ಮಾಡದೆ ಬರಿಯ ಅತಿದೇಶವನ್ನು ಮಾಡುತ್ತಾನೆ. ಬೆಲ್ಲಕ್ಕೆ ಬಾಧವಾಗಬೇಕು, ತೌಡಿನ ಸ್ಥಾನದಲ್ಲಿ ಮಾಂಸದ ಊಹವಾಗಬೇಕು, ಶೀಘ್ರವಿಷದ ಸ್ಥಾನದಲ್ಲಿ ಮಂದವಿಷವು ಬರಬೇಕು. ಇಷ್ಟೆಲ್ಲ ಆದ ಮೇಲೆ ಮೊದಲಿನ ಯೋಗದಲ್ಲಿ ಉಳಿಯುವುದೇನು? ಹೆಸರೊಂದೇ.

೫

ಎರೆಗೂ ತಿನ್ನುವವನಿಗೂ ಇರುವ ಈ ಸಂಬಂಧವನ್ನು ಪ್ರಾಚೀನರು ಅರಿಯದವರಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಣಕ್ಕೆ ತಂದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ದೈವಿಕವಾದ ಎಂಟು ಭಯಗಳಿಗೆ ಪ್ರತೀಕಾರವನ್ನು ಹೇಳಿದೆ. ಇಲಿಗಳ ಭಯಕ್ಕೆ ಕಳ್ಳಿಯ ಹಾಲನ್ನು ಲೇಪಿಸಿದ ಧಾನ್ಯವನ್ನು ಚೆಲ್ಲುವುದು. ಹುಲಿ ಮೊದಲಾದ ಕ್ರೂರಮೃಗಗಳ ಭಯಕ್ಕೆ ಮದನರಸವನ್ನು ಕೂಡಿಸಿದ ಪಶುಶವವನ್ನು ಇಡುವುದು. ಕಾಳು ತಿನ್ನುವುದಕ್ಕೆ ಕಾಳು, ಮಾಂಸ ತಿನ್ನುವುದಕ್ಕೆ ಮಾಂಸ. ಇಲಿಯ ಪ್ರಕರಣದ ಕೊನೆಯಲ್ಲಿ, ಮಿಡಿತೆ, ಹಕ್ಕಿ ಮತ್ತು ಹುಳುಗಳ ಭಯಕ್ಕೂ ಪ್ರತೀಕಾರವು ಇದರಿಂದಲೇ ವ್ಯಾಖ್ಯಾತವಾಯಿತೆಂದು ಆಚಾರ್ಯನು ಅತಿದೇಶವನ್ನು ಮಾಡಿದ್ದಾನೆ.

ಈ ಅತಿದೇಶದೊಳಗೆ ಬರುವುದು ವಿಷವೊಂದೇ ಅಲ್ಲವೆಂಬುದನ್ನು ಗಮನಿಸಬೇಕು. ಇಲಿಯ ಪ್ರಕರಣದಲ್ಲಿ ಮೊದಲು ಹೇಳಿರುವುದು ವಿಷದ ಕಾಳನ್ನಲ್ಲ, ಬೆಕ್ಕು ಮುಂಗುಸಿಗಳನ್ನು ಬಿಡುವುದನ್ನು. ಹಾಗೆ ಬಿಟ್ಟ ಬೆಕ್ಕು ಮುಂಗುಸಿಗಳನ್ನು ಹಿಡಿದವನಿಗೂ ಹಿಂಸಿಸಿದವನಿಗೂ ಹನ್ನೆರಡು ಪಣಗಳ ದಂಡವನ್ನು ವಿಧಿಸಿದೆ. ಬಾಧಕಪ್ರಾಣಿಯ ಸಹಜಶತ್ರುವನ್ನು ರಾಜನು ರಕ್ಷಿಸಬೇಕೆಂಬುದು ಇದರ ತಾತ್ಪರ್ಯ. ಇದನ್ನು ಹುಳುಗಳ ಪ್ರಕರಣಕ್ಕೆ ಒಯ್ದರೆ ಇಲಿಯ ಸ್ಥಾನದಲ್ಲಿ ಜೋಳದ ಸುಳಿಯನ್ನು ತಿನ್ನುವ ಹುಳು ನಿಲ್ಲುತ್ತದೆ. ಬೆಕ್ಕಿನ ಸ್ಥಾನದಲ್ಲಿ ನಿಲ್ಲುವುದು ಯಾವುದು? ಹಸಿರುಹುಳುಗಳನ್ನು ಹಿಡಿದು ಮರಿಗಳಿಗೆ ಉಣ್ಣಿಸುವ ಕಣಜವೇ. ಚಪ್ಪರದಲ್ಲಿ ಅಪರಾಧಿಯಾದ ಕಣಜವು ಹೊಲದಲ್ಲಿ ಕಾವಲುಗಾರನು. ಇದನ್ನು ಮರೆತು ಎಲ್ಲೆಡೆಯೂ ಅದನ್ನು ನಿರ್ಮೂಲಮಾಡಲು ಹೊರಡುವವನು ಬೆಕ್ಕನ್ನು ಕೊಂದು ಇಲಿಗೆ ವಿಷವನ್ನು ಹುಡುಕುವವನಂತೆ.

ಕನ್ನಡದಲ್ಲಿಯೂ ವಿಷಶಾಸ್ತ್ರಕ್ಕೆ ಕೊರತೆಯಿಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ಪ್ರಸಿದ್ಧವಾದುದು. ಆದರೆ ಅದರ ದೃಷ್ಟಿಯು ಚಿಕಿತ್ಸೆಯ ಮೇಲೆ. ಧರ್ಮಶಾಸ್ತ್ರಕಾರರು ವಿಷವಿಕ್ಕುವವನನ್ನು ಮನೆಗೆ ಬೆಂಕಿಯಿಡುವವನೊಡನೆ ಆತತಾಯಿಗಳಲ್ಲಿ ಎಣಿಸಿದ್ದಾರೆ. ಬೆಂಕಿಗೂ ವಿಷಕ್ಕೂ ಸಮಾನವಾದ ಗುಣವೆಂದರೆ, ಒಮ್ಮೆ ಬಿಟ್ಟ ಮೇಲೆ ಬಿಟ್ಟವನ ಅಧೀನದಲ್ಲಿ ನಿಲ್ಲದಿರುವುದು. ಅವರ ಮಾತು ಮನುಷ್ಯರ ವಿಷಯದ್ದಾದರೂ ಈ ಗುಣವು ಹೊಲದಲ್ಲಿಯೂ ಬದಲಾಗುವುದಿಲ್ಲ.

೬

ಮಾಂಸದ ಎರೆಯಿಂದ ಕಣಜಗಳನ್ನು ಅಡಗಿಸಿದ ದೃಷ್ಟಾಂತವು ನ್ಯೂಜಿಲೆಂಡ್ ದ್ವೀಪಗಳಲ್ಲಿ ದೊರೆಯುತ್ತದೆ. ಅಲ್ಲಿ ಗುಂಪಾಗಿ ಬಾಳುವ ಕಣಜಗಳು ಸ್ವದೇಶದವಲ್ಲ. ವೆಸ್ಪ್ಯುಲ ಎಂಬ ಜಾತಿಯ ಎರಡು ಬಗೆಗಳು ಯೂರೋಪಿನ ಕಡೆಯಿಂದ ಬಂದು ಬೀಚ್ ಮರಗಳ ಕಾಡುಗಳನ್ನು ಆಕ್ರಮಿಸಿದುವು. ಆ ಮರಗಳಲ್ಲಿ ಒಂದು ಬಗೆಯ ಹೇನು ಸ್ರವಿಸುವ ಸಿಹಿನೀರನ್ನು ಅವು ಹೀರಿಬಿಡುವುದರಿಂದ ಅಲ್ಲಿಯ ಹಕ್ಕಿಗಳಿಗೆ ಆಹಾರವಿಲ್ಲದಾಯಿತು. ಇದಕ್ಕೆ ಪ್ರತೀಕಾರವಾಗಿ ಮಾಂಸಸಾರದ ಎರೆಯಲ್ಲಿ ಫಿಪ್ರೊನಿಲ್ ಎಂಬ ವಿಷವನ್ನು ಸಾವಿರಕ್ಕೆ ಒಂದು ಪಾಲು ಬೆರೆಸಿದ ‘ವೆಸ್ಪೆಕ್ಸ್’ ಎಂಬ ಯೋಗವು ೨೦೧೫ರಿಂದ ಬಳಕೆಗೆ ಬಂದಿತು. ಅದರಲ್ಲಿ ಸಿಹಿಯಿಲ್ಲವಾದ್ದರಿಂದ ಜೇನು ಅದರ ಬಳಿಗೆ ಬರುವುದಿಲ್ಲ. ಎರೆಯನ್ನು ಮರಗಳಿಗೆ ಕಟ್ಟಿದ ಗೂಡುಗಳೊಳಗೆ ಇಡುತ್ತಾರೆ. ಕಣಜಗಳು ಮಾಂಸಕ್ಕೆ ಹಸಿದಿವೆಯೇ ಎಂಬುದನ್ನು ಮೊದಲು ವಿಷವಿಲ್ಲದ ಎರೆಯಿಂದ ಪರೀಕ್ಷಿಸಿ, ಬಂದರೆ ಮಾತ್ರ ವಿಷವನ್ನಿಟ್ಟು, ಮಿಕ್ಕುದನ್ನು ಕೆಲವು ದಿನಗಳಲ್ಲಿ ತೆಗೆದುಬಿಡುತ್ತಾರೆ. ಇದು ಎರೆಯ ಲಕ್ಷಣವನ್ನು ಅರಿತು ರಚಿಸಿದ ಯೋಗವೆಂಬುದರಲ್ಲಿ ಸಂದೇಹವಿಲ್ಲ.

ಹಾಗಾದರೆ ಅದನ್ನೇ ದೊಡ್ಡಬಳ್ಳಾಪುರಕ್ಕೆ ತರಬಹುದಲ್ಲವೇ ಎಂದರೆ, ಇಲ್ಲಿಯೂ ಅತಿದೇಶದ ಎಚ್ಚರವೇ ಬೇಕು. ದಕ್ಷಿಣ ಕರ್ನಾಟಕದ ಮನೆಯ ಸೂರು, ಕಿಟಕಿಯ ಮೂಲೆ, ಪೊದೆಗಳಲ್ಲಿ ಕಾಗದದಂತಹ ತೆರೆದ ಗೂಡನ್ನು ಕಟ್ಟುವ ಸಾಮಾನ್ಯವಾದ ಕಣಜಗಳು ರೊಪಾಲಿಡಿಯ, ಪೊಲಿಸ್ಟಿಸ್ ಎಂಬ ಜಾತಿಗಳವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಅವರು ಹಲವು ದಶಕಗಳ ಕಾಲ ಪರಿಶೀಲಿಸಿ ೨೦೦೧ರಲ್ಲಿ ಗ್ರಂಥವನ್ನು ಪ್ರಕಟಿಸಿದ ರೊಪಾಲಿಡಿಯ ಮಾರ್ಜಿನೇಟ ಎಂಬುದು ಈ ಬಗೆಯದೇ. ಇವು ಜೀವಂತವಾದ ಹುಳುಗಳನ್ನು ಹಿಡಿಯುವುವೇ ಹೊರತು ಇಟ್ಟ ಮಾಂಸಕ್ಕೆ ಸಾಮಾನ್ಯವಾಗಿ ಎರಗುವುದಿಲ್ಲ. ಶೀತದೇಶದ ಗೂಡುಗಳು ಬಹುತೇಕ ಚಳಿಗಾಲದಲ್ಲಿ ಅಳಿದು ವಸಂತದಲ್ಲಿ ಹೊಸದಾಗಿ ಹುಟ್ಟುವುದರಿಂದ ಅಲ್ಲಿ ಎರೆಯನ್ನಿಡಲು ನಿಯತವಾದ ಕಾಲವಿದೆ. ಇಲ್ಲಿ ಮಾರ್ಜಿನೇಟದ ಗೂಡುಗಳು ವರ್ಷದ ಎಲ್ಲ ಕಾಲದಲ್ಲಿಯೂ ಹುಟ್ಟುತ್ತಲೇ ಇರುತ್ತವೆ. ವೆಸ್ಪ ಜಾತಿಯ ದೊಡ್ಡ ಕಣಜಗಳು ಮೀನುಮಾಂಸದ ತುಣುಕುಗಳನ್ನು ಕೊಯ್ದೊಯ್ಯುವುದುಂಟು. ಆದರೆ ಅವುಗಳಲ್ಲಿ ವೆಸ್ಪ ಟ್ರಾಪಿಕ ಎಂಬುದು ಸಣ್ಣ ಕಣಜಗಳ ಗೂಡುಗಳನ್ನೇ ಸೂರೆಮಾಡಿ ಬಾಳುತ್ತದೆ. ಇನ್ನು ತೆರೆದಿಟ್ಟ ಮಾಂಸಕ್ಕೆ ಕಾಗೆ, ನಾಯಿ, ಬೆಕ್ಕುಗಳು ಕಣಜಕ್ಕಿಂತ ಮೊದಲೇ ಬಂದು ಸೇರುತ್ತವೆ. ಫಿಪ್ರೊನಿಲ್ ಜೇನಿಗೂ ಮೀನಿಗೂ ಘೋರವಾದ ವಿಷ. ಕೆರೆಕಟ್ಟೆಗಳ ಸೀಮೆಯಲ್ಲಿ ಇದನ್ನು ಮರೆಯಲಾಗದು.

೭

ಇಷ್ಟರಿಂದ ಸಿದ್ಧವಾದುದು ಹೀಗೆ. ಬೆಲ್ಲತೌಡಿನ ಯೋಗವು ಸುಳಿಯ ಹುಳುವಿಗೆ ಎರೆ. ಕಣಜಕ್ಕೆ ಅದು ಎರೆಯಲ್ಲ, ಜೇನಿಗೆ ಮೃತ್ಯು. ಮಾಂಸದ ಯೋಗವು ಪರದೇಶದಿಂದ ನುಗ್ಗಿದ ಕಣಜಕ್ಕೆ, ನಿಯತಕಾಲದಲ್ಲಿ, ಪರೀಕ್ಷೆಯೊಡನೆ ಸಲ್ಲುವುದು. ಈ ನಾಡಿನ ಸೂರಿನ ಕಣಜಕ್ಕೆ ಸಲ್ಲದು. ಆದ್ದರಿಂದ ಇಲ್ಲಿ ತೆರೆದ ಬಯಲಿನಲ್ಲಿ ವಿಷವನ್ನಿಡುವುದಕ್ಕೆ ಸದ್ಯಕ್ಕೆ ಯುಕ್ತಿಯು ಸಾಲದು. ಶಾಲೆಯ ಬಾಗಿಲಲ್ಲಿಯೋ ನಡೆದಾಡುವ ದಾರಿಯಲ್ಲಿಯೋ ಗೂಡು ಕಟ್ಟಿದ್ದರೆ, ಬಲ್ಲವರು ಕತ್ತಲಾದ ಮೇಲೆ ಮೈಯನ್ನು ಪೂರ್ತಿಯಾಗಿ ಮುಚ್ಚಿಕೊಂಡು ಆ ಒಂದು ಗೂಡನ್ನು ತೆಗೆಯಬಹುದು. ಗೊನೆಗಳಿಗೆ ಬಲೆಯನ್ನೋ ಚೀಲವನ್ನೋ ಕಟ್ಟಬಹುದು. ಒಡೆದ ಹಣ್ಣುಗಳನ್ನು ಆಗಿಂದಾಗ ಆರಿಸಿ ಹೂಳಬಹುದು. ಬೇಲಿಯಲ್ಲಿಯೋ ಹೊಲದ ಬದುವಿನಲ್ಲಿಯೋ ಯಾರಿಗೂ ಅಡ್ಡವಾಗದೆ ಇರುವ ಗೂಡನ್ನು ಹಾಗೆಯೇ ಬಿಡುವುದು ಜೋಳಕ್ಕೆ ಹಿತ.

ಹೆಸರಿನ ವಿಚಾರದಲ್ಲಿ, ‘ವಿಷಪಾಷಾಣ’ವು ರೂಢಿಯ ಬಲದಿಂದ ಸುಲಭವಾಗಿ ಹೋಗಲಾರದು. ಆದರೂ ಮುಂದಿನ ಕೈಪಿಡಿಗಳು ಅದರ ಪಕ್ಕದಲ್ಲಿ ‘ವಿಷದ ಎರೆ’ಯೆಂದೂ ಬರೆದು, ಯಾವ ಪ್ರಾಣಿಗೆ ಎರೆಯೆಂಬುದನ್ನು ಅದೇ ಸಾಲಿನಲ್ಲಿ ಹೇಳಿದರೆ ಓದುವವನಿಗೆ ಉಪಕಾರವಾದೀತು. ‘ಸೈನಿಕ ಹುಳುವಿಗೆ ವಿಷದ ಎರೆ’ ಎಂದು ಓದಿದ ರೈತನು ಅದನ್ನು ಕಣಜದ ಮುಂದೆ ಇಡುವ ಮೊದಲು ಒಂದು ಕ್ಷಣ ನಿಂತು ಯೋಚಿಸುವನು. ಆ ಒಂದು ಕ್ಷಣದಲ್ಲಿ ಒಂದು ಜೇನುಗೂಡು ಉಳಿಯಬಹುದು.